ರಾಜ್ಯೋತ್ಸವದ ಮೆರವಣಿಗೆಯಲ್ಲಿ ಕುದುರೆ ಏರುವವರಿಗೆ: ಆರು ವಾರದ ತಯಾರಿ

ದಸರಾ ರಜೆ ಮುಗಿಯುವ ಹೊತ್ತಿಗೆ ಹಾಸನದ ಕನ್ನಡ ಸಂಘಗಳಿಂದ, ಕಾಲೇಜುಗಳಿಂದ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತದೆ. "ನವೆಂಬರ್ 1ರ ಮೆರವಣಿಗೆಗೆ ಕುದುರೆ ಗೊತ್ತು ಮಾಡಿದ್ದೇವೆ. ನಮ್ಮ ಹುಡುಗ ಹೊಯ್ಸಳ ದೊರೆ ವಿಷ್ಣುವರ್ಧನನ ವೇಷ ಹಾಕುತ್ತಾನೆ. ಒಂದು ವಾರದಲ್ಲಿ ಸವಾರಿ ಕಲಿಯಬಹುದಾ?" ಕಿತ್ತೂರು ಚೆನ್ನಮ್ಮನ ವೇಷದ ಹುಡುಗಿಯ ಮನೆಯವರೂ ಇದನ್ನೇ ಕೇಳುತ್ತಾರೆ.

ಜೀನಿನ ಮೇಲೆ ಬೀಳದೆ ಕೂರುವುದನ್ನು ಒಂದು ವಾರದಲ್ಲಿ ಕಲಿಯಬಹುದು. ಆದರೆ ಮೆರವಣಿಗೆಗೆ ತಯಾರಾಗಬೇಕಾದದ್ದು ಮುಖ್ಯವಾಗಿ ಕುದುರೆ, ಅದಕ್ಕೆ ಕನಿಷ್ಠ ಆರು ವಾರ ಬೇಕು. ಅಂದರೆ ಗಣಪತಿ ಬಿಟ್ಟ ಮೇಲೆ ತಡಮಾಡದೆ ಶುರು ಮಾಡಬೇಕು. ಇನ್ನೊಂದು ಮಾತು ಮೊದಲೇ ತಿಳಿದಿರಲಿ. ಮೆರವಣಿಗೆಯಲ್ಲಿ ಕುದುರೆಗೆ ನಡೆಯುವ ಕೆಲಸ ಕಡಿಮೆ, ನಿಲ್ಲುವ ಕೆಲಸ ಹೆಚ್ಚು. ಮುಂದಿನ ಸ್ತಬ್ಧಚಿತ್ರ ಕದಲುವವರೆಗೆ, ಗಣ್ಯರು ಹಾರ ಹಾಕಿ ಮುಗಿಸುವವರೆಗೆ, ಎನ್.ಆರ್. ವೃತ್ತದಂಥ ಜಾಗದಲ್ಲಿ ಅರ್ಧ ಗಂಟೆ ಸುಮ್ಮನೆ ನಿಲ್ಲಬೇಕಾಗುತ್ತದೆ. ಹಿಂದೆ ತಮಟೆ, ಪಕ್ಕದಲ್ಲಿ ಜನರೇಟರ್, ಮೂತಿಯ ಮುಂದೆ ಮೊಬೈಲ್ ಹಿಡಿದ ಕೈಗಳು. ಅವಘಡಗಳು ಹೆಚ್ಚಾಗಿ ಶುರುವಾಗುವುದು ಹೀಗೆ ನಿಂತಾಗಲೇ. ಆದ್ದರಿಂದ ಕೆಳಗಿನ ಹಂತಗಳಲ್ಲಿ ನಿಲ್ಲುವ ಅಭ್ಯಾಸ ಮತ್ತೆ ಮತ್ತೆ ಬರುತ್ತದೆ.

ಒಂದು ಕುದುರೆಗೆ ಬೇಕಾದ ಜನ: ಒಬ್ಬ ಸವಾರ, ತಲೆಯ ಬಳಿ ನಡೆಯಲು ಆ ಕುದುರೆಗೆ ಗೊತ್ತಿರುವ ಒಬ್ಬ ಸಯಿಸ್ (ಕುದುರೆ ನೋಡಿಕೊಳ್ಳುವವನು), ಹಿಂದಿನಿಂದ ಜನರನ್ನು ದೂರ ಇಡಲು ಒಬ್ಬ. ಸವಾರ ಹೊಸಬನಾದರೆ ತಲೆಯ ಎರಡೂ ಕಡೆ ಒಬ್ಬೊಬ್ಬರು ಇರಲಿ. ಇಷ್ಟು ಜನ ಹೊಂದಿಸಲಾಗದಿದ್ದರೆ ಕುದುರೆಗಳ ಸಂಖ್ಯೆ ಕಡಿಮೆ ಮಾಡಿ. ಅರೆಬರೆ ತಯಾರಾದ ಹತ್ತು ಕುದುರೆಗಿಂತ ಚೆನ್ನಾಗಿ ನಿಲ್ಲುವ ಎರಡು ಕುದುರೆ ಸಾಕು.

ಹಂತ 1: ಕುದುರೆಯ ಆಯ್ಕೆ

ನೋಡಲು ಚೆಂದ ಎಂದು ಆರಿಸಬೇಡಿ. ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ತಳಿಯ ಕುದುರೆ ಎತ್ತರವಾಗಿ, ಹೊಳೆಯುತ್ತಾ ಕಾಣುತ್ತದೆ. ಆದರೆ ಜನರ ಕೂಗು ಕೇಳಿದರೆ ಓಡಬೇಕು ಎಂದು ಅದಕ್ಕೆ ವರ್ಷಗಟ್ಟಲೆ ಕಲಿಸಲಾಗಿರುತ್ತದೆ. ಬೀಜದ ಗಂಡು ಕುದುರೆ ಹತ್ತಿರದಲ್ಲಿ ಹೆಣ್ಣು ಕುದುರೆ ಇದ್ದರೆ ಕೆನೆದು ಮುಂಗಾಲು ಎತ್ತಬಹುದು. ಮೆರವಣಿಗೆಗೆ ಒಳ್ಳೆಯದು ಬೀಜ ತೆಗೆಸಿದ ಗಂಡು, ಇಲ್ಲವೇ ಶಾಂತ ಸ್ವಭಾವದ ಹೆಣ್ಣು. ವಯಸ್ಸು ಎಂಟರಿಂದ ಹದಿನಾರರ ಒಳಗಿರಲಿ. ನಾಲ್ಕು ವರ್ಷದ ಮರಿಗೆ ಈ ಗದ್ದಲ ಬೇಡ.

ಮದುವೆ ಮೆರವಣಿಗೆಯ ಕುದುರೆ ಸದ್ದಿಗೆ ಒಗ್ಗಿರುತ್ತದೆ ನಿಜ. ಆದರೆ ಬಾಡಿಗೆ ಮಾತಾಡುವ ಮೊದಲು ಬಾಯಿ ತೆರೆಸಿ ನೋಡಿ. ತುಟಿಯ ಮೂಲೆಯಲ್ಲಿ ಹಳೆಯ ಹುಣ್ಣಿನ ಗಂಟು ಅಥವಾ ಬಿಳಿ ಕಲೆ ಇದ್ದರೆ, ಅಲ್ಲಿ ಬೆರಳಿಟ್ಟ ಕೂಡಲೇ ಕುದುರೆ ತಲೆ ಎತ್ತಿದರೆ, ಅದಕ್ಕೆ ಮುಳ್ಳು ಕಡಿವಾಣ (ಬಾಯೊಳಗೆ ಕೂರುವ, ಮುಳ್ಳುಗಳಿರುವ ಲೋಹದ ತುಂಡು) ಹಾಕಿದ್ದಾರೆ ಎಂದೇ ತಿಳಿಯಿರಿ. ಆ ಕುದುರೆ ಶಾಂತವಾಗಿ ನಿಲ್ಲುತ್ತಿರುವುದು ಅಭ್ಯಾಸದಿಂದಲ್ಲ, ನೋವಿನ ಭಯದಿಂದ. ದೊಡ್ಡ ಭಯ ಎದುರಾದಾಗ ಆ ನೋವು ಅದನ್ನು ಹಿಡಿದಿಡುವುದಿಲ್ಲ, ಇನ್ನಷ್ಟು ಕೆರಳಿಸುತ್ತದೆ. ಮುಳ್ಳು ಕಡಿವಾಣ ಬಳಸುವುದನ್ನು 1965ರ ಪ್ರಾಣಿಹಿಂಸೆ ತಡೆ ನಿಯಮಗಳು ನಿಷೇಧಿಸಿವೆ ಎನ್ನುವುದೂ ನೆನಪಿರಲಿ.

ನಂತರ ತೂಕ. ಸವಾರ, ಜೀನು, ವೇಷ, ಆಯುಧ ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು. ತೂಕದ ಯಂತ್ರ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಭುಜದ ಮುಂದಿನ ಮೂಳೆಯಿಂದ ಪೃಷ್ಠದ ತುದಿಯ ಮೂಳೆಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, ಬಂದದ್ದನ್ನು 11,880ರಿಂದ ಭಾಗಿಸಿದರೆ ಸರಿಸುಮಾರು ಕಿಲೋ ಲೆಕ್ಕ ಸಿಗುತ್ತದೆ. ಸುತ್ತಳತೆ 160, ಉದ್ದ 150 ಇದ್ದರೆ ಕುದುರೆ ಸುಮಾರು 323 ಕಿಲೋ, ಅದು ಹೊರಬಹುದಾದದ್ದು 64 ಕಿಲೋ. ಜೀನಿಗೆ 8 ಕಿಲೋ, ಕಿರೀಟ, ಎದೆಕವಚ, ಕತ್ತಿಗೆ 5 ಕಿಲೋ ಕಳೆಯಿರಿ. ಸವಾರನಿಗೆ ಉಳಿಯುವುದು 51 ಕಿಲೋ. ರಾಜನ ವೇಷಕ್ಕೆ ಊರಿನ ಗಟ್ಟಿಮುಟ್ಟಾದ ಆಳನ್ನೇ ಆರಿಸುವ ಸಂಘಗಳು ಈ ಲೆಕ್ಕ ಮಾಡುವುದಿಲ್ಲ. ಭಾರ ಹೊತ್ತು ಒಂದೇ ಕಡೆ ನಿಂತರೆ ಬೆನ್ನಿನ ಸ್ನಾಯುಗಳಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಹಾಗಾಗಿ ಮೆರವಣಿಗೆಯಲ್ಲಿ ಈ ಮಿತಿ ಇನ್ನೂ ಮುಖ್ಯ.

ಹಂತ 2: ರಕ್ತಪರೀಕ್ಷೆ, ಲಸಿಕೆ, ಅನುಮತಿ

ಮೊದಲ ವಾರದಲ್ಲೇ ಪಶುವೈದ್ಯರನ್ನು ಕರೆಸಿ ಗ್ಲಾಂಡರ್ಸ್ ಪರೀಕ್ಷೆಗೆ ರಕ್ತ ತೆಗೆಸಿ. ಗ್ಲಾಂಡರ್ಸ್ ಎಂದರೆ ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬರುವ ಬ್ಯಾಕ್ಟೀರಿಯಾ ರೋಗ. ಮೂಗಿನಿಂದ ಅಂಟು ಕೀವು ಬರುತ್ತದೆ, ಚರ್ಮದಲ್ಲಿ ಗಂಟುಗಳು ಏಳುತ್ತವೆ. ಮನುಷ್ಯರಿಗೂ ಹರಡುತ್ತದೆ, ಪ್ರಾಣಾಪಾಯ ತರುತ್ತದೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯ 2009ರ ಕಾಯ್ದೆಯಡಿ ಇದನ್ನು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕು. ಸಾವಿರಾರು ಜನರ ನಡುವೆ ನಡೆಸುವ ಕುದುರೆಗೆ ಈ ಪರೀಕ್ಷೆ ಮಾಡಿಸದೆ ಇರುವುದು ತಪ್ಪು. ಮಾದರಿ ಹೊರಗಿನ ಪ್ರಯೋಗಾಲಯಕ್ಕೆ ಹೋಗಿ ವರದಿ ಬರಲು ಸಮಯ ಬೇಕು. ಕೊನೆಯ ವಾರ ಓಡಾಡಿದರೆ ಸಿಗುವುದಿಲ್ಲ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇರುವುದು ನಮ್ಮ ಜಿಲ್ಲೆಯ ಅದೃಷ್ಟ, ಅಲ್ಲಿ ವಿಚಾರಿಸಿ.

ಧನುರ್ವಾಯು ಲಸಿಕೆ ಮುಖ್ಯ. ಕುದುರೆಗೆ ಈ ರೋಗ ಬಹಳ ಬೇಗ ತಗಲುತ್ತದೆ, ಗೊರಸಿಗೆ ಒಂದು ತುಕ್ಕು ಮೊಳೆ ಚುಚ್ಚಿದರೂ ಸಾಕು. ಹಿಂದೆ ಹಾಕಿಸಿರದಿದ್ದರೆ ನಾಲ್ಕು ವಾರದ ಅಂತರದಲ್ಲಿ ಎರಡು ಸೂಜಿ ಬೇಕು. ಇದೂ ಮೊದಲ ವಾರದಲ್ಲೇ ಶುರುವಾಗಬೇಕು. ಕುದುರೆಯನ್ನು ಮೈಸೂರು, ಬೆಂಗಳೂರಿನಿಂದ ಲಾರಿಯಲ್ಲಿ ತರುವುದಾದರೆ ಪ್ರಯಾಣಕ್ಕೆ ಯೋಗ್ಯವಾಗಿದೆ ಎಂಬ ಪಶುವೈದ್ಯರ ಪ್ರಮಾಣಪತ್ರ ಲಾರಿಯಲ್ಲೇ ಇರಬೇಕು. ತರುವುದು ಹಿಂದಿನ ದಿನ ಸಂಜೆಯಲ್ಲ, ಕನಿಷ್ಠ ಮೂರು ದಿನ ಮೊದಲು.

ಅನುಮತಿಗೆ ಪೊಲೀಸ್ ಇಲಾಖೆ, ಜಿಲ್ಲಾಡಳಿತ, ನಗರಾಡಳಿತ ಮೂವರಿಗೂ ಲಿಖಿತ ಅರ್ಜಿ ಕೊಡಿ. ಅದರಲ್ಲಿ "ಮೆರವಣಿಗೆ" ಎಂದಷ್ಟೇ ಬರೆಯದೆ ಕುದುರೆ ಎಷ್ಟು, ಯಾವ ದಾರಿ, ಎಲ್ಲಿಂದ ಎಲ್ಲಿಗೆ ಎಂದು ಬಿಡಿಸಿ ಬರೆಯಿರಿ. ಪಶುಪಾಲನಾ ಇಲಾಖೆಗೆ ಒಂದು ಪ್ರತಿ ಕೊಟ್ಟು ಆ ದಿನಕ್ಕೆ ವೈದ್ಯರನ್ನು ಕೇಳಿಕೊಳ್ಳಿ. ಮೂರನೆಯವರಿಗೆ ಪೆಟ್ಟಾದರೆ ಪರಿಹಾರ ಕೊಡುವ ವಿಮೆಯನ್ನು ಸಂಘದ ಹೆಸರಿನಲ್ಲಿ ಮಾಡಿಸಿ.

ಹಂತ 3: ಲಾಳ

ಕುದುರೆಯ ಗೊರಸು ಮಣ್ಣಿಗಾಗಿ ಆದದ್ದು. ನಯವಾದ ಕಬ್ಬಿಣದ ಲಾಳ ಮತ್ತು ನಯವಾದ ಕಾಂಕ್ರೀಟ್ ಸೇರಿದರೆ ಐಸಿನ ಮೇಲೆ ನಡೆದಂತೆ. ಪಟ್ಟಣದ ರಸ್ತೆಯಲ್ಲಿ ಎಲ್ಲಿ ಜಾರುತ್ತದೆ ಎಂದು ಮೊದಲೇ ತಿಳಿದಿರಲಿ: ದಪ್ಪ ಬಿಳಿ ಬಣ್ಣದ ಪಟ್ಟೆಗಳು, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ಸ್ಟ್ಯಾಂಡಿನಲ್ಲಿ ನಿಂತ ಆಟೋಗಳ ಕೆಳಗೆ ಸುರಿದ ಎಣ್ಣೆ. ಜನ ಪ್ರೀತಿಯಿಂದ ಎರಚಿದ ಚೆಂಡು ಹೂವಿನ ಎಸಳುಗಳು ತುಳಿತಕ್ಕೆ ಸಿಕ್ಕಿ ಲೋಳೆಯಾದ ಮೇಲೆ ಇವೆಲ್ಲಕ್ಕಿಂತ ಹೆಚ್ಚು ಜಾರುತ್ತವೆ. ಅಕ್ಟೋಬರ್ ಕೊನೆಯಲ್ಲಿ ಹಿಂಗಾರು ಮಳೆಯ ಒಂದು ಹನಿ ಬಿದ್ದರಂತೂ ಕೇಳುವುದೇ ಬೇಡ.

ಇದಕ್ಕೆ ಮೂರು ದಾರಿಗಳಿವೆ. ಮೊದಲನೆಯದು, ತುದಿಯಲ್ಲಿ ಗಟ್ಟಿಲೋಹ ಕೂರಿಸಿದ ರಸ್ತೆ ಮೊಳೆಗಳನ್ನು ಲಾಳದ ಎರಡೂ ಹಿಮ್ಮಡಿಯ ಕಡೆ ಒಂದೊಂದು ಹೊಡೆಸುವುದು. ಎರಡೂ ಕಡೆ ಸಮ ಎತ್ತರ ಇರಬೇಕು, ಒಂದೇ ಕಡೆ ಹಾಕಿದರೆ ಕಾಲು ತಿರುಚುತ್ತದೆ. ಎರಡನೆಯದು, ರಬ್ಬರ್ ಹೊದಿಕೆಯ ಲಾಳ. ಮೂರನೆಯದು ಬರಿಗಾಲು. ಲಾಳವಿಲ್ಲದೆ ಡಾಂಬರಿನ ಮೇಲೆ ನಡೆದು ಗೊರಸು ಗಟ್ಟಿಯಾದ ಕುದುರೆಗೆ ಎರಡು ಮೂರು ಕಿಲೋಮೀಟರಿನ ಮೆರವಣಿಗೆಗೆ ಬರಿಗೊರಸೇ ಒಳ್ಳೆಯ ಹಿಡಿತ ಕೊಡುತ್ತದೆ. ಆದರೆ ಇಷ್ಟು ದಿನ ಲಾಳ ಹಾಕಿದ್ದ ಕುದುರೆಯ ಲಾಳವನ್ನು ಹಿಂದಿನ ವಾರ ಕಿತ್ತು ನಡೆಸಿದರೆ ಅದು ಕುಂಟುತ್ತದೆ.

ಲಾಳ ಹೊಡೆಸುವುದು ಮೆರವಣಿಗೆಗೆ ಹತ್ತು ದಿನ ಮೊದಲು. ಇದಕ್ಕೆ ಕಾರಣವಿದೆ. ಮೊಳೆ ಗೊರಸಿನ ಸತ್ತ ಗೋಡೆಯಲ್ಲಿ ಹೋಗಬೇಕು. ಸ್ವಲ್ಪ ಒಳಗೆ ಹೋಗಿ ಜೀವ ಇರುವ ಭಾಗವನ್ನು ಒತ್ತಿದರೆ ಕುಂಟು ಕಾಣಿಸಿಕೊಳ್ಳುವುದು ಒಂದೆರಡು ದಿನದ ನಂತರ. ಹತ್ತು ದಿನ ಕೈಯಲ್ಲಿದ್ದರೆ ಆ ಮೊಳೆ ತೆಗೆಸಿ, ಗಾಯ ಆರಲು ಬಿಡಬಹುದು. ಹಿಂದಿನ ದಿನ ಹೊಡೆಸಿದರೆ ಕುದುರೆ ಮೆರವಣಿಗೆಯ ನಡುವೆ ಕಾಲು ಎತ್ತಿ ನಿಲ್ಲುತ್ತದೆ. ಹೊಡೆಸಿದ ಮೇಲೆ ಪ್ರತಿ ಸಂಜೆ ನಾಲ್ಕೂ ಗೊರಸಿನ ಮೇಲೆ ಅಂಗೈ ಇಟ್ಟು ನೋಡಿ. ಒಂದು ಮಾತ್ರ ಬಿಸಿ ಇದ್ದರೆ ಲಾಳ ಹೊಡೆದವರನ್ನು ಮತ್ತೆ ಕರೆಸಿ. ಗೋಡೆಯ ಹೊರಗೆ ಮಡಿಸಿದ ಮೊಳೆ ತುದಿಗಳ ಮೇಲೆ ಬೆರಳಾಡಿಸಿ. ಯಾವುದಾದರೂ ಎದ್ದು ಚುಚ್ಚಿದರೆ ಲಾಳ ಸಡಿಲವಾಗುತ್ತಿದೆ ಎಂದರ್ಥ.

ಹಂತ 4: ಸದ್ದು, ಬಣ್ಣ, ಜನ — ಮತ್ತು ನಿಲ್ಲುವುದು

ಇಡೀ ತಯಾರಿಯ ಹೃದಯ ಇದು. ಮೈಸೂರು ದಸರಾಕ್ಕೆ ಮುಂಚೆ ಆನೆ, ಕುದುರೆಗಳನ್ನು ನಿಲ್ಲಿಸಿ ಕುಶಾಲತೋಪು ಸಿಡಿಸುವ ತಾಲೀಮು ನಡೆಸುತ್ತಾರಲ್ಲ, ಅದೇ ತತ್ವ. ಕುದುರೆ ಬೇಟೆಗೆ ಸಿಕ್ಕುವ ಪ್ರಾಣಿ. ಗೊತ್ತಿಲ್ಲದ್ದು ಎದುರಾದರೆ ಮೊದಲು ಓಡು, ಆಮೇಲೆ ನೋಡು ಎನ್ನುವುದು ಅದರ ರಕ್ತದಲ್ಲಿದೆ. ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಮುತ್ತ ಬಹುತೇಕ ಎಲ್ಲವೂ ಕಾಣುತ್ತದೆ. ಮೂಗಿನ ನೇರ ಮುಂದಿನ ಸ್ವಲ್ಪ ಜಾಗ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಹಿಂದಿನಿಂದ ಬರುವ ಸದ್ದಿಗೆ ಅದು ಹೆದರುವುದು ಇದಕ್ಕೇ.

ಮೊದಲ ವಾರ ನೆಲದ ಮೇಲಿನ ಕೆಲಸ, ಯಾರೂ ಹತ್ತುವುದು ಬೇಡ. ಒಂದು ಗೋಣಿಚೀಲವನ್ನು ಮಡಿಸಿ ನೆಲಕ್ಕೆ ಹಾಸಿ. ಮುಂಗಾಲು ಎರಡನ್ನೂ ಅದರ ಮೇಲೆ ಇರಿಸಿ ನಿಲ್ಲಿಸಿ. ಅರ್ಧ ನಿಮಿಷ ನಿಂತರೆ ಕತ್ತು ಸವರಿ, ಒಂದು ಹಿಡಿ ಹುಲ್ಲು ಕೊಡಿ. ಕಾಲು ಕದಲಿಸಿದರೆ ಬೈಯದೆ, ಹೊಡೆಯದೆ, ಮತ್ತೆ ಅದೇ ಜಾಗಕ್ಕೆ ತನ್ನಿ. ದಿನಕ್ಕೆರಡು ಬಾರಿ ಹೀಗೆ ಮಾಡಿ, ನಿಧಾನವಾಗಿ ಐದು ನಿಮಿಷ, ಹತ್ತು ನಿಮಿಷಕ್ಕೆ ಏರಿಸಿ. ಗೋಣಿ ಎಂದರೆ ವಿಶ್ರಾಂತಿ ಎಂದು ಅದರ ಮನಸ್ಸಿಗೆ ಬರಬೇಕು. ಆರನೇ ವಾರಕ್ಕೆ ಗೋಣಿ ಇಲ್ಲದೆಯೂ, ಸವಾರನನ್ನು ಹೊತ್ತು, ಇಪ್ಪತ್ತು ನಿಮಿಷ ನಿಲ್ಲುವ ಕುದುರೆ ಸಿದ್ಧವಾಗಿರುತ್ತದೆ.

ಎರಡನೇ ವಾರ ಬಟ್ಟೆ, ಬಣ್ಣ. ಹಳದಿ ಕೆಂಪು ಬಾವುಟ, ಸತ್ತಿಗೆ, ಪಟಪಟ ಬಡಿಯುವ ಫ್ಲೆಕ್ಸ್, ಬಲೂನು. ಯಾವುದನ್ನೇ ಆಗಲಿ ಎಡಗಣ್ಣಿಗೆ ತೋರಿಸಿದ ಮೇಲೆ ಬಲಗಣ್ಣಿಗೆ ಬೇರೆಯಾಗಿ ತೋರಿಸಿ. ಎಡಗಡೆ ಒಪ್ಪಿಕೊಂಡದ್ದಕ್ಕೆ ಬಲಗಡೆ ಬೆಚ್ಚುವುದು ಕುದುರೆಗೆ ಸಹಜ, ಹೊಸಬರು ಇಲ್ಲೇ ತಪ್ಪುತ್ತಾರೆ.

ಮೂರನೇ ವಾರದಿಂದ ಸದ್ದು. ತಮಟೆಯವರನ್ನು ನೂರು ಮೀಟರ್ ದೂರದಲ್ಲಿ ನಿಲ್ಲಿಸಿ, ಕುದುರೆಗೆ ಹುಲ್ಲು ಹಾಕಿ, ಬಾರಿಸಲು ಹೇಳಿ. ಹುಲ್ಲು ತಿನ್ನುತ್ತಲೇ ಇದ್ದರೆ ಹತ್ತು ಹೆಜ್ಜೆ ಹತ್ತಿರ ಬರಲಿ. ಅಗಿಯುವುದು ನಿಂತು ತಲೆ ಎತ್ತಿದರೆ ಅವರು ಅಲ್ಲೇ ನಿಂತು ಮೆಲ್ಲಗೆ ಬಾರಿಸಲಿ. ಮತ್ತೆ ಅಗಿಯಲು ಶುರು ಮಾಡಿದ ಮೇಲೆ ನಿಲ್ಲಿಸಿ. ಈ ಕೊನೆಯ ಮಾತು ಗಟ್ಟಿ ನೆನಪಿಡಿ. ಕುದುರೆ ಹಾರಾಡುವಾಗ ಸದ್ದು ನಿಲ್ಲಿಸಿದರೆ ಹಾರಾಡಿದರೆ ಸದ್ದು ಹೋಗುತ್ತದೆ ಎಂದು ಅದು ಕಲಿಯುತ್ತದೆ. ಕಿವಿ ಸಡಿಲವಾಗುವುದು, ತಲೆ ಭುಜದ ಮಟ್ಟಕ್ಕೆ ಇಳಿಯುವುದು, ತುಟಿ ಚಪ್ಪರಿಸುವುದು ಇವು ಒಪ್ಪಿಕೊಂಡ ಗುರುತು. ತಮಟೆಯಿಂದ ಡೊಳ್ಳಿಗೆ, ಡೊಳ್ಳಿನಿಂದ ನಗಾರಿಗೆ ಹೋಗಿ. ವೀರಗಾಸೆಯವರ ಒಡಪಿನ ಕೂಗು ಇದ್ದಕ್ಕಿದ್ದಂತೆ ಏಳುವುದರಿಂದ ಅದನ್ನು ಬೇರೆಯಾಗಿಯೇ ಕೇಳಿಸಬೇಕು. ಡಿಜೆಯ ಎದೆ ಅದುರಿಸುವ ಕೆಳಸ್ವರಕ್ಕೆ ಒಗ್ಗಿಸಲು ಹೋಗಬೇಡಿ, ಅದರಿಂದ ದೂರ ಇರುವುದೇ ಪರಿಹಾರ.

ನಾಲ್ಕನೇ ವಾರ ಚಲಿಸುವ ವಸ್ತುಗಳು: ಹಿಂದೆ ಬರುವ ಟ್ರ್ಯಾಕ್ಟರ್, ಸೈಕಲ್ಲಿನ ಮಕ್ಕಳು, ಕಾಗದದ ಚೂರು ಎರಚುವ ಯಂತ್ರ. ನಮ್ಮ ಜನಪದ ಕಲೆಗಳಲ್ಲಿ ಕುದುರೆಯನ್ನು ಅತಿ ಹೆಚ್ಚು ಹೆದರಿಸುವುದು ಗಾರುಡಿ ಗೊಂಬೆ. ಮನುಷ್ಯನ ಕಾಲು, ಎರಡಾಳೆತ್ತರದ ಮೈ, ತೂಗಾಡುವ ದೊಡ್ಡ ತಲೆ. ಕುದುರೆಗೆ ಅದು ಏನೆಂದು ಅರ್ಥವೇ ಆಗುವುದಿಲ್ಲ. ಗೊಂಬೆಯನ್ನು ಮೊದಲು ನೆಲದ ಮೇಲೆ ಮಲಗಿಸಿ ಮೂಸಲು ಬಿಡಿ. ಆಮೇಲೆ ಕುದುರೆಯ ಕಣ್ಣೆದುರೇ ಕಲಾವಿದ ಅದರೊಳಗೆ ಹೋಗಿ ನಿಧಾನವಾಗಿ ಏಳಲಿ. ಕೀಲುಕುದುರೆಗೂ ಇದೇ ಕ್ರಮ. ಮೆರವಣಿಗೆಯಲ್ಲಿ ಆನೆ ಇದೆ ಎಂದು ಗೊತ್ತಾದರೆ ಮೊದಲೇ ಪರಿಚಯ ಮಾಡಿಸಿ. ಅದು ಸಾಧ್ಯವಾಗದಿದ್ದರೆ ಕುದುರೆ ಒಯ್ಯಬೇಡಿ. ಆನೆಯ ವಾಸನೆ ಹೊಸದಾದ ಕುದುರೆಯನ್ನು ಯಾವ ಸಯಿಸ್ ಕೂಡ ಹಿಡಿಯಲಾರ.

ಐದನೇ ವಾರ ಬೆಳಗಿನ ಜಾವ ನಿಜವಾದ ರಸ್ತೆಯಲ್ಲಿ, ಎಲ್ಲ ಕುದುರೆಗಳೂ ಸಾಲಾಗಿ. ಅತಿ ಶಾಂತವಾದದ್ದು ಮುಂದೆ ಇರಲಿ, ಉಳಿದವು ಅದನ್ನು ನೋಡಿ ಧೈರ್ಯ ತಂದುಕೊಳ್ಳುತ್ತವೆ. ಆರನೇ ವಾರ ಪೂರ್ಣ ವೇಷದಲ್ಲಿ ಒಂದು ತಾಲೀಮು, ನಂತರ ಎರಡು ದಿನ ಹಗುರ ನಡಿಗೆ ಮಾತ್ರ.

ಕೆಲವರು ಕಡಿಮೆ ಶ್ರಮದ ದಾರಿ ಎಂದು ನಿದ್ರೆಯ ಚುಚ್ಚುಮದ್ದು ಕೊಡಿಸುತ್ತಾರೆ. ಬೇಡ. ಮತ್ತಿನಲ್ಲಿರುವ ಕುದುರೆ ಮುಗ್ಗರಿಸುತ್ತದೆ, ಬೆಚ್ಚಿದರೆ ಸಮತೋಲ ಸಿಗದೆ ಸವಾರನ ಸಮೇತ ಬೀಳುತ್ತದೆ. ಸದ್ದಿಗೆ ಸೂಕ್ಷ್ಮವಾದ ಕುದುರೆಗೆ ಉಣ್ಣೆಯ ಕಿವಿಗುಂಡು ಹಾಕಬಹುದು. ಅದನ್ನೂ ಮನೆಯಲ್ಲೇ ಅಭ್ಯಾಸ ಮಾಡಿಸಿ.

ಹಂತ 5: ಸವಾರ ಮತ್ತು ವೇಷ

ಓಟ, ಜಿಗಿತ ಯಾವುದೂ ಬೇಕಿಲ್ಲ. ನಡಿಗೆ, ನಿಲ್ಲಿಸುವುದು, ಎರಡೂ ಕಡೆ ತಿರುಗಿಸುವುದು, ಮೂರು ಹೆಜ್ಜೆ ಹಿಂದೆ ಸರಿಸುವುದು, ಅವಸರದಲ್ಲಿ ಇಳಿಯುವುದು. ಈ ಐದನ್ನು ವೇಷ ಹಾಕಿಕೊಂಡು ಮಾಡಲು ಬಂದರೆ ಸಾಕು. ಇಳಿಯುವಾಗ ಮೊದಲು ಎರಡೂ ಪಾದಗಳನ್ನು ರಿಕಾಪಿನಿಂದ (ಕಾಲಿಡುವ ಕಬ್ಬಿಣದ ಬಳೆ) ಹೊರತೆಗೆಯಿರಿ. ಒಂದು ಪಾದ ಸಿಕ್ಕಿಕೊಂಡು ಕುದುರೆ ಎಳೆದುಕೊಂಡು ಹೋಗುವುದಕ್ಕಿಂತ ಕೆಟ್ಟ ಅವಘಡ ಸವಾರಿಯಲ್ಲಿಲ್ಲ. ಅದಕ್ಕೇ ಚಪ್ಪಲಿ, ಬರಿಗಾಲು, ನಾಟಕದ ಜರಿ ಜೋಡು ಯಾವುದೂ ಬೇಡ. ಒಂದೂವರೆ ಸೆಂಟಿಮೀಟರ್ ಹಿಮ್ಮಡಿ ಇರುವ ಗಟ್ಟಿ ಬೂಟು ಹಾಕಿ, ಮೇಲೆ ವೇಷದ ಬಟ್ಟೆ ಸುತ್ತಿ. ರಿಕಾಪಿನಲ್ಲಿ ಪಾದದ ಮುಂಭಾಗ ಮಾತ್ರ ಇರಬೇಕು.

ಪಂಚೆಯನ್ನು ಕಚ್ಚೆ ಹಾಕಿ ಉಡಿ, ಒಳಗೆ ಬಿಗಿಯಾದ ಪ್ಯಾಂಟು ಇರಲಿ. ಇಲ್ಲದಿದ್ದರೆ ತೊಡೆಯ ಒಳಭಾಗ ಅರ್ಧ ಗಂಟೆಯಲ್ಲಿ ಸುಲಿಯುತ್ತದೆ. ಸೀರೆಯಾದರೆ ಕಚ್ಚೆ ಸೀರೆಯೇ ಸರಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಿನ್ನು ಹಾಕಿ. ಹಾರಾಡುವ ಸೆರಗು ಕುದುರೆಯ ಹಿಂಬದಿಗೆ ಬಡಿಯುತ್ತದೆ. ಪೇಟದ ಕೆಳಗೆ ಮುಂಚಾಚು ಇಲ್ಲದ ಸವಾರಿ ಹೆಲ್ಮೆಟ್ ಇರಲೇಬೇಕು. ಅದರ ಮೇಲೆ ಪೇಟ ಸುತ್ತಿ ನಾಲ್ಕು ಕಡೆ ಹೊಲಿಗೆ ಹಾಕಿದರೆ ಗೊತ್ತೇ ಆಗುವುದಿಲ್ಲ, ಚರ್ಮದ ಬಣ್ಣದ ಗಲ್ಲಪಟ್ಟಿ ಸಿಗುತ್ತದೆ. ಕತ್ತಿ ಮರದ್ದಾಗಿರಲಿ, ಒರೆಯನ್ನು ಎರಡು ಕಡೆ ಕಟ್ಟಿ. ಒಂದೇ ಕಡೆ ಕಟ್ಟಿದ ಒರೆ ಹೆಜ್ಜೆ ಹೆಜ್ಜೆಗೂ ಪಕ್ಕೆಗೆ ಬಡಿಯುತ್ತದೆ, ಕುದುರೆ ಅದನ್ನು "ಮುಂದೆ ನಡಿ" ಎಂಬ ಸನ್ನೆ ಎಂದುಕೊಳ್ಳುತ್ತದೆ. ಬಾವುಟ ಹಿಡಿದವನ ಲಗಾಮು ಒಂದೇ ಕೈಯಲ್ಲಿರುತ್ತದೆ ಎನ್ನುವುದನ್ನು ಮರೆಯದೆ, ಬಾವುಟವನ್ನು ಅನುಭವಿಗೇ ಕೊಡಿ.

ಸಂಘಟಕರು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿರುವ ಕುದುರೆ ಸವಾರರ ಸಾಲಿನ ಫೋಟೋ ತಂದು, ಹೀಗೆ ಮುಂಗಾಲೆತ್ತಿ ನಿಲ್ಲಿಸಿ ಎಂದು ಕೇಳುವುದುಂಟು. ಆ ಸಾಲಿನಿಂದ ಎದೆಪಟ್ಟಿ, ಕೊರಳ ಅಲಂಕಾರ, ಸವಾರನ ಕೂರುವ ಠೀವಿ ಎಲ್ಲವನ್ನೂ ಕಲಿಯಿರಿ, ಅದಕ್ಕಿಂತ ಒಳ್ಳೆಯ ಮಾದರಿ ನಮ್ಮ ಜಿಲ್ಲೆಗೆ ಬೇಕಿಲ್ಲ. ಆದರೆ ಡಾಂಬರಿನ ಮೇಲೆ ಮುಂಗಾಲು ಎತ್ತಿಸುವುದಕ್ಕೆ ಒಪ್ಪಬೇಡಿ. ಹಿಂಗಾಲು ಜಾರಿದರೆ ಮುನ್ನೂರು ಕಿಲೋ ಮೈ ಸವಾರನ ಮೇಲೆ ಬೀಳುತ್ತದೆ.

ಹಂತ 6: ಜೀನು, ಕಡಿವಾಣ, ಅಲಂಕಾರ

ಕಡಿವಾಣ ಎಂದರೆ ಬಾಯೊಳಗೆ ಕೂರುವ ಲೋಹದ ತುಂಡು. ಕೀಲಿರುವ ನಯವಾದ ಸಾದಾ ಕಡಿವಾಣ ಸಾಕು. ಬೆರಳಾಡಿಸಿ ನೋಡಿ, ನಿಮ್ಮ ಬೆರಳಿಗೆ ತರಚುವುದು ಅದರ ನಾಲಿಗೆಗೂ ತರಚುತ್ತದೆ. ಜೀನು ಹಾಕಿದಾಗ ಹೆಗಲ ಮೂಳೆಯ ಮೇಲೆ ಎರಡು ಮೂರು ಬೆರಳು ನುಸುಳುವಷ್ಟು ಎಡೆ ಇರಬೇಕು, ಸವಾರ ಕೂತ ಮೇಲೂ. ಜರಿಯ ಮದುವೆ ಜೀನುಗಳು ಹೆಚ್ಚಾಗಿ ಬೆನ್ನುಮೂಳೆಯ ಮೇಲೇ ಕೂರುತ್ತವೆ. ಅಂಥದ್ದನ್ನು ಬಿಟ್ಟು, ಒಳ್ಳೆಯ ಸಾದಾ ಜೀನಿನ ಮೇಲೆ ಅಲಂಕಾರದ ಬಟ್ಟೆ ಹೊದಿಸಿ. ತಂಗು (ಜೀನನ್ನು ಹೊಟ್ಟೆಗೆ ಕಟ್ಟುವ ಪಟ್ಟಿ) ಒಮ್ಮೆಲೇ ಬಿಗಿಯಬೇಡಿ, ಕುದುರೆ ಹೊಟ್ಟೆ ಉಬ್ಬಿಸುತ್ತದೆ. ಮೊದಲು ಸಡಿಲವಾಗಿ ಕಟ್ಟಿ, ಇಪ್ಪತ್ತು ಹೆಜ್ಜೆ ನಡೆಸಿ, ಮತ್ತೆ ಬಿಗಿಯಿರಿ. ಹತ್ತಿದ ಮೇಲೆ ಮೂರನೇ ಬಾರಿ. ಎರಡು ಬೆರಳು ತೂರಿದರೆ ಸರಿ.

ಹೊದಿಕೆಯ ಬಟ್ಟೆ ಮೊಣಕಾಲಿಗಿಂತ ಕೆಳಗೆ ಇಳಿಯಬಾರದು. ಗೆಜ್ಜೆ ಕೊರಳಿಗೆ ಸರಿ, ಕಾಲಿಗೆ ಬೇಡ. ಕಣ್ಣಿನ ಮೇಲೆ ಜೋತಾಡುವ ಕುಚ್ಚು, ಕನ್ನಡಿ ಬೇಡ. ಒದೆಯುವ ಅಭ್ಯಾಸದ ಕುದುರೆಯ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟುವುದು ಸವಾರರಲ್ಲಿ ಎಲ್ಲೆಡೆ ಇರುವ ಗುರುತು. ಆದರೆ ರಾಜ್ಯೋತ್ಸವದ ದಿನ ಊರೆಲ್ಲ ಹಳದಿ ಕೆಂಪು ಇರುವಾಗ ಅದು ಯಾರ ಗಮನಕ್ಕೂ ಬರುವುದಿಲ್ಲ, ಅಂಥ ಕುದುರೆಯನ್ನು ಮನೆಯಲ್ಲೇ ಬಿಡಿ.

ಹಂತ 7: ದಾರಿ ನಡೆದು ನೋಡುವುದು

ಮಾರ್ಗ ಗೊತ್ತಾದ ಮೇಲೆ ಕಾಲ್ನಡಿಗೆಯಲ್ಲಿ ಎರಡು ಸಲ ನೋಡಿ, ಒಮ್ಮೆ ಹಿಂದಿನ ವಾರ, ಒಮ್ಮೆ ಅದೇ ದಿನ ಬೆಳಿಗ್ಗೆ. ಕುದುರೆಯ ಮೇಲೆ ಕೂತವನ ಪೇಟದ ತುದಿ ಎಂಟು ಅಡಿ ಮೀರುತ್ತದೆ. ಅಡ್ಡ ಕಟ್ಟಿದ ಫ್ಲೆಕ್ಸ್ ಹಗ್ಗ, ಕೇಬಲ್ ವೈರು, ತೋರಣ ಎಲ್ಲವೂ ಆ ಎತ್ತರದಲ್ಲೇ ಇರುತ್ತವೆ. ಬಾವುಟದ ಕೋಲು ವಿದ್ಯುತ್ ತಂತಿಯ ಹತ್ತಿರ ಹೋಗದಷ್ಟು ಗಿಡ್ಡವಾಗಿರಲಿ, ಲೋಹದ ಕೋಲು ಬೇಡವೇ ಬೇಡ. ಬಿ.ಎಂ. ರಸ್ತೆಯಂಥ ಅಗಲ ರಸ್ತೆಯಲ್ಲಿ ಜನ ಎರಡೂ ಬದಿಗೆ ಸರಿಯುತ್ತಾರೆ. ಕಟ್ಟಿನಕೆರೆ ಮಾರುಕಟ್ಟೆಯಂಥ ಪೇಟೆ ಬೀದಿಗೆ ತಿರುಗಿದರೆ ಜಾಗವೇ ಇರುವುದಿಲ್ಲ. ಸುಮಾರು ಮುನ್ನೂರು ಮೀಟರಿಗೆ ಒಂದರಂತೆ ಕುದುರೆಯನ್ನು ಹೊರಗೆ ಒಯ್ಯಬಹುದಾದ ಅಡ್ಡರಸ್ತೆ ಗುರುತಿಸಿ, ಅಲ್ಲಿ ವಾಹನ ನಿಲ್ಲಿಸದಂತೆ ಪೊಲೀಸರಿಗೆ ತಿಳಿಸಿ.

ಹಾಸನಾಂಬೆಯ ದರ್ಶನ ದೀಪಾವಳಿಯ ಜೊತೆಗೆ ಬರುವುದರಿಂದ ಕೆಲವು ವರ್ಷ ರಾಜ್ಯೋತ್ಸವದ ದಿನವೂ ಬಾಗಿಲು ತೆರೆದಿರುತ್ತದೆ. ಆಗ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಪಟಾಕಿಯೂ ಜೋರು. ಪಂಚಾಂಗ ನೋಡಿ ಮೊದಲೇ ತಿಳಿದುಕೊಳ್ಳಿ. ಆ ವರ್ಷ ಕುದುರೆಗಳನ್ನು ಕ್ರೀಡಾಂಗಣದ ಕಾರ್ಯಕ್ರಮಕ್ಕಷ್ಟೇ ಸೀಮಿತ ಮಾಡುವುದು ಜಾಣತನ.

ಮೆರವಣಿಗೆಯ ಸಾಲಿನಲ್ಲಿ ಕುದುರೆಗಳ ಜಾಗ ಮುಂದೆ ಇರಲಿ. ಅವುಗಳ ಹಿಂದೆ ಐವತ್ತು ಮೀಟರ್ ಬಿಟ್ಟು ಭುವನೇಶ್ವರಿಯ ರಥ, ಅದರ ಹಿಂದೆ ಕಲಾತಂಡಗಳು, ಡಿಜೆ ಇದ್ದರೆ ಕಟ್ಟಕಡೆಗೆ. ಇದನ್ನು ಸಂಘಟಕರಿಂದ ಬರವಣಿಗೆಯಲ್ಲೇ ಪಡೆಯಿರಿ, ಬಾಯಿಮಾತು ಆ ದಿನದ ಗದ್ದಲದಲ್ಲಿ ನಿಲ್ಲುವುದಿಲ್ಲ.

ಹಂತ 8: ಆ ದಿನ

ಹೊರಡುವ ಮೂರು ಗಂಟೆ ಮೊದಲು ಹುರುಳಿ, ಬೂಸಾ ಮುಗಿಸಿ. ಹುಲ್ಲು ಮತ್ತು ನೀರು ಹೊರಡುವವರೆಗೂ ಮುಂದೆ ಇರಲಿ. ಮೇವಿಗೆ 30 ಗ್ರಾಂ ಉಪ್ಪು ಸೇರಿಸಿ. ಮೈ ಬಿಸಿ ನೋಡಿ: 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸರಿ. ದವಡೆಯ ಕೆಳಗಿನ ನಾಡಿಯನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರಬೇಕು. ಇದರಲ್ಲಿ ಯಾವುದು ಹೆಚ್ಚು ಕಡಿಮೆಯಾದರೂ ಆ ಕುದುರೆ ಹೊರಡುವುದು ಬೇಡ, ಪೋಸ್ಟರಿನಲ್ಲಿ ಅದರ ಫೋಟೋ ಬಂದಿದ್ದರೂ. ಅರ್ಧ ಗಂಟೆ ಕೈಯಲ್ಲಿ ಹಿಡಿದು ನಡೆಸಿದ ಮೇಲೆ ಸವಾರ ಹತ್ತಲಿ.

ಸಾಲಿನಲ್ಲಿ ಒಂದು ಕುದುರೆಗೂ ಇನ್ನೊಂದಕ್ಕೂ ನಡುವೆ ಎರಡು ಕುದುರೆಯುದ್ದ, ಅಂದರೆ ಸುಮಾರು ಐದು ಮೀಟರ್ ಬಿಡಿ. ನಿಲ್ಲುವ ಸಂದರ್ಭ ಬಂದಾಗ ಲಗಾಮು ಜಗ್ಗಿ ಹಿಡಿಯಬೇಡಿ, ಸ್ವಲ್ಪ ಸಡಿಲ ಬಿಡಿ. ಬಿಗಿ ಹಿಡಿದಷ್ಟೂ ಮುಂದೆ ಅಪಾಯವಿದೆ ಎಂದು ಕುದುರೆ ತಿಳಿಯುತ್ತದೆ. ಹತ್ತು ನಿಮಿಷ ಮೀರಿ ನಿಲ್ಲಬೇಕು ಎನಿಸಿದರೆ ಸವಾರ ಇಳಿಯಲಿ, ತಂಗು ಒಂದು ರಂಧ್ರ ಸಡಿಲವಾಗಲಿ. ಚಡಪಡಿಸುವ ಕುದುರೆಯನ್ನು ಒತ್ತಾಯದಿಂದ ನಿಲ್ಲಿಸುವ ಬದಲು ಸಣ್ಣ ವೃತ್ತದಲ್ಲಿ ನಡೆಸಿ.

ಜನರ ಪ್ರೀತಿಯನ್ನು ನಿಭಾಯಿಸುವುದು ಒಂದು ಕೆಲಸ. ಆರತಿ ತರುವವರು ಪಕ್ಕದಲ್ಲಿ, ಎರಡು ಮೀಟರ್ ದೂರದಲ್ಲಿ ನಿಂತು ಬೆಳಗಲಿ; ಕರ್ಪೂರದ ಉರಿ ಮೂಗಿನ ಹತ್ತಿರ ಬರಬಾರದು. ಕುಂಕುಮ ಸಯಿಸ್ ಕೈಯಿಂದ ಹಣೆಗೆ ಮಾತ್ರ. ಬೆಲ್ಲ, ಲಾಡು, ಬಾಳೆಹಣ್ಣು ತಿನ್ನಿಸಲು ಬಂದವರಿಗೆ ಕೈಮುಗಿದು ಬೇಡ ಎನ್ನಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆ ಕೆಟ್ಟರೆ ಶೂಲೆಯಾಗಿ ಜೀವಕ್ಕೇ ಬರುತ್ತದೆ. ಮಗುವನ್ನು ಹಿಂದಿನಿಂದ ಬೆನ್ನ ಮೇಲೆ ಕೂರಿಸಲು ಬರುವ ತಂದೆಯನ್ನು ತಡೆಯುವುದಕ್ಕೇ ಹಿಂದಿನ ಆಳು ಇರುವುದು.

ಕಣ್ಣಿನ ಬಿಳಿ ಕಾಣುವುದು, ಬಾಲ ಒತ್ತಿ ಹಿಡಿಯುವುದು, ಮತ್ತೆ ಮತ್ತೆ ತೆಳ್ಳಗೆ ಲದ್ದಿ ಹಾಕುವುದು, ತಣ್ಣನೆ ಗಾಳಿಯಲ್ಲೂ ಕತ್ತು ಬೆವರಿ ನೊರೆಯಾಗುವುದು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಚರ್ಚೆ ಬೇಡ, ಸವಾರ ಇಳಿದು ಹತ್ತಿರದ ಅಡ್ಡರಸ್ತೆಗೆ ಒಯ್ಯಿರಿ. ಅದರ ಜೊತೆ ಇನ್ನೊಂದು ಕುದುರೆಯನ್ನೂ ಕಳಿಸಿ, ಒಂಟಿಯಾದರೆ ಭಯ ಇಮ್ಮಡಿಯಾಗುತ್ತದೆ. ಕುದುರೆ ಓಡಲು ಹೊರಟರೆ ಒಂದು ಕಡೆಯ ಲಗಾಮನ್ನು ಮೆಲ್ಲಗೆ ತೊಡೆಯ ಕಡೆ ತಂದು ತಲೆ ತಿರುಗಿಸಿ, ವೃತ್ತಕ್ಕೆ ತನ್ನಿ. ಇದನ್ನು ಮೊದಲ ಎರಡು ಮೂರು ಹೆಜ್ಜೆಯಲ್ಲೇ ಮಾಡಬೇಕು. ವೇಗ ಹಿಡಿದ ಮೇಲೆ ಡಾಂಬರಿನಲ್ಲಿ ಥಟ್ಟನೆ ತಿರುಗಿಸಿದರೆ ಅದು ಮಗ್ಗುಲಾಗಿ ಬೀಳುತ್ತದೆ. ಮನುಷ್ಯರಿಗೆ ಪೆಟ್ಟಾದರೆ 108, ಪಶು ಚಿಕಿತ್ಸಾ ವಾಹನಕ್ಕೆ 1962. ಎರಡೂ ಎಲ್ಲರ ಫೋನಿನಲ್ಲಿರಲಿ.

ಹಂತ 9: ಮುಗಿದ ಮೇಲೆ

ಫೋಟೋ ಆಮೇಲೆ. ಮೊದಲು ಸವಾರ ಇಳಿಯಲಿ, ತಂಗು ಸಡಿಲವಾಗಲಿ, ನೀರು ಕೊಡಿ. ಬೆಚ್ಚಗಿರುವ ಕುದುರೆಗೆ ನೀರು ಕೊಡಬಾರದು ಎನ್ನುವುದು ಹಳೆಯ ನಂಬಿಕೆ. ನಡೆದು ಬಂದ ಕುದುರೆಗೆ ಬೇಕಾದಷ್ಟು ಕೊಡಬಹುದು. ಹದಿನೈದು ನಿಮಿಷದಲ್ಲಿ ನಾಡಿ 60ರ ಕೆಳಗೆ ಬರಬೇಕು. ಕತ್ತಿನ ಚರ್ಮವನ್ನು ಚಿವುಟಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಮೊದಲಿನಂತಾಗಬೇಕು. ಎರಡರಲ್ಲಿ ಒಂದು ಆಗದಿದ್ದರೂ ವೈದ್ಯರನ್ನು ಕರೆಯಿರಿ. ನಾಲ್ಕೂ ಗೊರಸು ಎತ್ತಿ ಕಲ್ಲು, ಗಾಜು, ಪಿನ್ನು ಕೆರೆದು ತೆಗೆಯಿರಿ. ಜೀನು ತೆಗೆದಾಗ ಬೆನ್ನಿನ ಬೆವರಿನ ಗುರುತು ನೋಡಿ. ಎಲ್ಲ ಕಡೆ ಒದ್ದೆಯಾಗಿ ನಡುವೆ ಅಂಗೈಯಷ್ಟು ಒಣಗಿದ ಜಾಗ ಇದ್ದರೆ ಜೀನು ಅಲ್ಲಿ ಒತ್ತಿದೆ. ಆ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದಿನ ಬಾರಿ ಜೀನು ಸರಿಮಾಡುವವರಿಗೆ ತೋರಿಸಲು ಬೇಕು. ಆ ರಾತ್ರಿ ಲದ್ದಿ ಸರಿಯಾಗಿ ಹಾಕಿತೇ, ಹುಲ್ಲು ತಿಂದಿತೇ ಎಂದು ಮಲಗುವ ಮುನ್ನ ಒಮ್ಮೆ ಲಾಯಕ್ಕೆ ಹೋಗಿ ನೋಡಿ ಬನ್ನಿ.